ರಾಯಿಕೋಡಿನ ದಾರಿ, ಸವೆದ ಟೈರು

ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಜಹೀರಾಬಾದಿನಿಂದ ಒಳನಾಡಿಗೆ ಹೊರಳಿದರೆ, ಹತ್ತಿ–ಕಬ್ಬಿನ ಹೊಲಗಳ ನಡುವೆ ರಾಯಿಕೋಡಿನ ದಾರಿ ಸಾಗುತ್ತದೆ. ಬೀದರಿನ ಗಡಿ ಇಲ್ಲಿಗೆ ದೂರವಲ್ಲ. ತೆಲುಗಿನ ಜೊತೆಗೆ ಕನ್ನಡದ ಮಾತೂ ಕಿವಿಗೆ ಬೀಳುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ಶಾಲೆಯ ಮಕ್ಕಳನ್ನು ಹೊತ್ತ ಆಟೊಗಳೂ ಓಡಾಡುವುದು ಇದೇ ದಾರಿಯಲ್ಲಿ.

ಚೈತ್ರ ಕಳೆಯುವ ಹೊತ್ತಿಗೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಡಾಂಬರು ಅದಕ್ಕಿಂತಲೂ ಕಾಯುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಾಗಿ, ಒಳಗೊಳಗೇ ಬಿಸಿಯೇರಿ, ಒಮ್ಮೆ ಸಿಡಿಯುತ್ತದೆ. ಭಾರ ಮಿತಿಮೀರಿದರೆ ಆ ಗಳಿಗೆ ಇನ್ನೂ ಬೇಗ ಬರುತ್ತದೆ. ಮಳೆಗಾಲದಲ್ಲಿ ಬೋಳು ಟೈರು ನೀರನ್ನು ಹೊರದೂಡಲಾರದೆ ಜಾರುತ್ತದೆ. ಆದುದರಿಂದಲೇ ಟೈರಿನ ಗೆರೆಗಳ ಆಳ ಬಸ್ಸು, ಜೀಪುಗಳಲ್ಲಿ 1.6 ಮಿ.ಮೀ.ಗಿಂತಲೂ, ಆಟೊ, ಬೈಕುಗಳಲ್ಲಿ 0.8 ಮಿ.ಮೀ.ಗಿಂತಲೂ ಕಡಿಮೆಯಿರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಟೈರಿನ ವಯಸ್ಸು ಅದರ ಪಕ್ಕೆಯ ಮೇಲೆಯೇ ಇದೆ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು.

ಬೆಳಗ್ಗೆ ಆಟೊ ಮನೆಯ ಮುಂದೆ ನಿಂತಾಗ ಹೆತ್ತವರು ಮಗುವಿನ ಬುತ್ತಿ, ಪಾಟಿಚೀಲಗಳನ್ನು ನೋಡಿ ಕಳುಹಿಸುತ್ತಾರೆ. ಬಗ್ಗಿ ಮೂರು ಚಕ್ರಗಳನ್ನು ನೋಡಲು ಅರ್ಧ ನಿಮಿಷ ಸಾಕು. ಟೈರು ಬೋಳಾಗಿದ್ದರೆ ಚಾಲಕನಿಗೆ ಅಂದೇ ಹೇಳಬೇಕು. ಆ ದಿನ ಶಾಲೆಗೆ ತಡವಾದರೂ ಚಿಂತೆಯಿಲ್ಲ.