ಆಗುಂಬೆಯ ಸಿಳ್ಳಾರ

ದಾವಣಗೆರೆಯಿಂದ ಹೊರಟು ಶಿವಮೊಗ್ಗೆ, ತೀರ್ಥಹಳ್ಳಿಗಳನ್ನು ದಾಟಿ ಆಗುಂಬೆಯ ಸಮೀಪದ ಮಿತ್ರರ ಮನೆಯನ್ನು ನಾವು ಸೇರಿದಾಗ ಕಳೆದ ವರ್ಷದ ಆಷಾಢದ ಮಳೆ ಜಡಿಹಿಡಿದಿತ್ತು. ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ ಸುರಿಯುವ ಸೀಮೆಯದು. ಬಯಲುನಾಡಿನವರಾದ ನಮಗೆ ಒಣಗದ ಬಟ್ಟೆಗಳದೇ ದೊಡ್ಡ ಚಿಂತೆ.

ಮರುದಿನ ಬೆಳಕು ಹರಿಯುವ ಮುನ್ನ ಹೊರಗೆ ಯಾರೋ ಸಿಳ್ಳೆ ಹಾಕುತ್ತಿದ್ದರು. ರಾಗವೊಂದನ್ನು ಹಿಡಿಯಲೆತ್ನಿಸಿ, ನಡುವೆ ಮರೆತು, ಮತ್ತೆ ಮೊದಲಿನಿಂದ ತೊಡಗಿದಂತೆ. ಮೊಮ್ಮಗನ ಕೀಟಲೆಯೆಂದೇ ಬಗೆದು ಗದರಿದೆ. ಹುಡುಗನೋ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ್ದ! ಮಿತ್ರರು ನಕ್ಕು, “ಅದು ಸಿಳ್ಳಾರ. ಮಳೆಗಾಲದಲ್ಲಿ ಕೋಳಿ ಕೂಗುವ ಮೊದಲೇ ಅದರ ಹಾಡು” ಎಂದರು. ಇಂಗ್ಲಿಷರು ಇದನ್ನು ‘ಸಿಳ್ಳೆ ಹಾಕುವ ಶಾಲಾಬಾಲಕ’ನೆಂದು ಕರೆದುದು ಸುಮ್ಮನೆ ಅಲ್ಲ.

ಹಳ್ಳದ ಬಂಡೆಯ ಮೇಲೆ ಹಕ್ಕಿಯನ್ನು ಕಂಡಾಗ ಮೊದಲು ನಿರಾಶೆಯೇ ಆಯಿತು. ಗೊರವಂಕಕ್ಕಿಂತ ತುಸು ದೊಡ್ಡದಾದ ಕಪ್ಪುಹಕ್ಕಿ, ಅಷ್ಟೆ. ಅಷ್ಟರಲ್ಲಿ ಮೋಡ ಸರಿದು ಎಳೆಬಿಸಿಲು ಬಿದ್ದಿತು ನೋಡಿ, ಹಣೆಯಲ್ಲೂ ಹೆಗಲಲ್ಲೂ ಇಂದ್ರನೀಲದ ಹೊಳಪು ಒಮ್ಮೆಲೇ ಹೊತ್ತಿಕೊಂಡಿತು. ನೆರಳಿನ ಕಾಡು, ಹರಿಯುವ ನೀರು, ಬಂಡೆಯ ಸಂದು ಇವು ಕೂಡಿದಲ್ಲಿ ಇದರ ಬಾಳು. ಪಶ್ಚಿಮ ಘಟ್ಟಗಳೇ ಮುಖ್ಯ ನೆಲೆ. ಸಾತ್ಪುರ ಮತ್ತು ಪೂರ್ವಘಟ್ಟಗಳ ಕೆಲವೆಡೆಗಳಲ್ಲಿಯೂ ಉಂಟು. ಏಡಿ, ಬಸವನಹುಳು, ಕೀಟ, ಸಣ್ಣ ಕಪ್ಪೆ, ಕಾಡುಹಣ್ಣು ಇದರ ಆಹಾರ. ಹಿಡಿದ ಏಡಿಯನ್ನು ಅದು ಕಲ್ಲಿಗೆ ಕುಟ್ಟುವುದನ್ನು ಮೊಮ್ಮಗ ಕೊಡೆಯಡಿ ನಿಂತು ಅರ್ಧಗಂಟೆ ನೋಡಿದ. ಮನೆಯಲ್ಲಿ ಅರ್ಧ ನಿಮಿಷ ನಿಲ್ಲದ ಹುಡುಗ!

ಆ ಬಂಡೆಯ ಸಂದಿನಲ್ಲಿಯೇ ಪಾಚಿ, ನಾರುಬೇರು, ಕೆಸರುಗಳ ಬಟ್ಟಲಿನಂಥ ಗೂಡಿತ್ತು. ಹಳ್ಳ ಉಕ್ಕಿ ಅಡಿಕೆತೋಟಕ್ಕೆ ನುಗ್ಗುತ್ತದೆಂದು ಅದೇ ಬಂಡೆಯನ್ನು ಒಡೆಸಲು ಮಿತ್ರರು ಆಳುಗಳನ್ನು ಗೊತ್ತುಮಾಡಿದ್ದರು, ಮುಂಗಡವನ್ನೂ ಕೊಟ್ಟಾಗಿತ್ತು. “ಮರಿಗಳು ಹಾರಿಹೋಗಲಿ, ಆಮೇಲೆ ಒಡೆಸಿರಿ” ಎಂದರು ಅವರ ಮನೆಯವರು. “ಅಷ್ಟರಲ್ಲಿ ಸಸಿಗಳು ಹೋದರೆ?” ಎಂದರು ಮಿತ್ರರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಅತಿಥಿಯಾದ ನಾನು ಸುಮ್ಮನಿದ್ದೆ. ಈಗಲೂ ಆ ಮೌನ ನನಗೆ ಹಿತವಾಗಿಲ್ಲ. ಸಂಜೆ ಮಿತ್ರರು ಕಂಬಳಿಕೊಪ್ಪೆ ಹಾಕಿಕೊಂಡು ತಾವೇ ಆಳುಗಳ ಕೇರಿಗೆ ಹೋಗಿಬಂದರು.

ಭಾದ್ರಪದದಲ್ಲಿ ಅವರ ಕಾಗದ ಬಂದಿತು. ತೋಟದ ಒಂದು ಮೂಲೆಯ ಸಸಿಗಳು ಕೊಚ್ಚಿಹೋಗಿದ್ದವು. ಮೂರು ಮರಿಗಳೂ ಹಾರಿದುವಂತೆ. ಬಂಡೆಯ ವಿಷಯ ಬರೆದಿರಲಿಲ್ಲ.