52ನೆಯ ನಂಬರಿನ ಅಂಗಿ

ಫುಟ್ಬಾಲಿನ ವಿಷಯದಲ್ಲಿ ಬಾಯಿ ಹಾಕಲು ನನಗೆ ಯಾವ ಅಧಿಕಾರವೂ ಇಲ್ಲ. ಹೈಸ್ಕೂಲಿನಲ್ಲಿ ಒಮ್ಮೆ, ಆಳು ಸಾಲದೆ, ನನ್ನನ್ನು ಗೋಲು ಕಾಯಲು ನಿಲ್ಲಿಸಿದ್ದರು. ಅಲ್ಲಿ ಒಬ್ಬ ನಿಂತಿದ್ದಾನೆಂಬುದು ಎದುರು ಪಕ್ಷದವರಿಗೆ ಆಟ ಮುಗಿಯುವವರೆಗೂ ತಿಳಿಯಲಿಲ್ಲವೆಂದು ಗೆಳೆಯರು ಇಂದಿಗೂ ಹೇಳುತ್ತಾರೆ. ಇಂಥವನು ಅಮೆರಿಕದ ಫುಟ್ಬಾಲ್ ತಂಡವೊಂದು ತನ್ನ ಆಟಗಾರನನ್ನು ಬೇರೆಯವರಿಗೆ ಬಿಟ್ಟುಕೊಟ್ಟದ್ದು ಸರಿಯೋ ತಪ್ಪೋ ಎಂದು ವಿಚಾರಿಸಹೊರಟರೆ ವಾಚಕರು ನಕ್ಕಾರು. ನಗಲಿ, 2018ರಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಆ ವರ್ಷ ಗಳಿಕೆ ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಫ್ರೀಮಾಂಟಿನಲ್ಲಿ ಅಕ್ಕನ ಮನೆ. ಅಕ್ಕನ ಮಗನಿಗೆ ಆಗ ಹದಿಮೂರು ವರ್ಷ. ಮನೆಯಲ್ಲಿ ಕನ್ನಡ, ಬಾಗಿಲಾಚೆ ಇಂಗ್ಲಿಷ್, ಮೈಮೇಲೆ ಸದಾ ಒಂದು ಕರಿಯ ಅಂಗಿ. ಅದರ ಬೆನ್ನ ಮೇಲೆ ಬೆಳ್ಳಿಬಣ್ಣದ 52. ಒಗೆಯಲು ಕೊಡು ಎಂದರೆ ಕೊಡುತ್ತಿರಲಿಲ್ಲ. ಅದು ಓಕ್‌ಲೆಂಡ್ ರೈಡರ್ಸ್ ತಂಡದ ಖಲೀಲ್ ಮ್ಯಾಕ್ ಎಂಬ ಆಟಗಾರನ ನಂಬರಂತೆ.

ನಾನು ಮೇಷ್ಟ್ರು, ಯಾರಾದರೂ ಪಾಠ ಹೇಳಿದರೆ ಕೇಳುವ ಚಪಲ. ಹುಡುಗ ನನಗೆ ಆಟ ಕಲಿಸಿದ. ಹೆಸರಿಗೆ ಫುಟ್ಬಾಲ್, ಕೆಲಸವೆಲ್ಲ ಕೈಗೆ. ಪಕ್ಷಕ್ಕೆ ಹನ್ನೊಂದು ಜನ. ದಾಳಿ ಮಾಡುವ ಪಕ್ಷದ ನಡುವೆ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬ ಸೂತ್ರಧಾರ. ಚೆಂಡು ಯಾರಿಗೆ ಹೋಗಬೇಕೆಂದು ಅವನ ತೀರ್ಮಾನ. ಅವನನ್ನು ಕಾಯಲು ಮುಂದೆ ಐದು ಜನ ಪರ್ವತಾಕಾರದವರು. ಆ ಪರ್ವತಗಳನ್ನು ಒಡೆದು ನುಗ್ಗಿ, ಸೂತ್ರಧಾರ ಚೆಂಡೆಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವಬೇಕಾದವನು ಎದುರು ಪಕ್ಷದ ಮುಂಚೂಣಿಯವನು. ಹಾಗೆ ಕೆಡವುವುದಕ್ಕೆ ಸ್ಯಾಕ್ ಎಂದು ಹೆಸರು. ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ ಬರೆದುಕೊಳ್ಳುತ್ತಾರೆ. ಲೆಕ್ಕದಲ್ಲಿ ಆ ಜನ ಬಲು ಕಟ್ಟುನಿಟ್ಟು. ಮ್ಯಾಕ್ ಈ ಕೆಲಸದಲ್ಲಿ ನಿಸ್ಸೀಮ. 2014ರಲ್ಲಿ ಹೊಸಬರ ಆಯ್ಕೆಯಲ್ಲಿ ಐದನೆಯವನಾಗಿ ಬಂದವನು 2016ರಲ್ಲಿ ಇಡೀ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನೆನಿಸಿಕೊಂಡ.

"ಮಾಮ, ಅವನನ್ನು ತಡೆಯೋಕೆ ಇಬ್ಬರು ಬೇಕು. ಇಬ್ಬರು ಅವನ ಮೇಲೆ ಬಿದ್ದರೆ ನಮ್ಮವನು ಇನ್ನೊಬ್ಬ ಖಾಲಿ ಆಗ್ತಾನೆ. ಆ ಖಾಲಿ ಆದವನು ಹೋಗಿ ಕೆಡವುತ್ತಾನೆ. ಆದರೆ ಪೇಪರಿನಲ್ಲಿ ಬರೋದು ಅವನ ಹೆಸರು, ಮ್ಯಾಕ್ ಹೆಸರಲ್ಲ" ಎಂದ ಹುಡುಗ. ಈ ಮಾತನ್ನು ಆಗ ನಾನು ಅರ್ಧ ಕಿವಿಯಲ್ಲಿ ಕೇಳಿದೆ.

ಆ ಬೇಸಗೆಯಲ್ಲಿ ಮ್ಯಾಕ್ ಹಟ ಹಿಡಿದು ಮನೆಯಲ್ಲಿ ಕೂತಿದ್ದ. ಹೊಸ ಒಪ್ಪಂದವಾಗದೆ ಅಭ್ಯಾಸಕ್ಕೆ ಬರಲೊಲ್ಲ. ಹತ್ತು ವರ್ಷದ ಒಪ್ಪಂದದ ಮೇಲೆ ಹಿಂದಿರುಗಿ ಬಂದಿದ್ದ ತರಬೇತುದಾರ ಜಾನ್ ಗ್ರೂಡೆನ್ ಅವನನ್ನು ಉಳಿಸಿಕೊಳ್ಳುವನೋ ಇಲ್ಲವೋ ಎಂದು ಊರೆಲ್ಲ ಮಾತು. ಸೆಪ್ಟೆಂಬರ್ 1, ಶನಿವಾರ. ಅಮ್ಮ ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದರು. ಹುಡುಗ ಮಹಡಿಯಿಂದ ಇಳಿದು ಬಂದು ತಟ್ಟೆಯ ಮುಂದೆ ಕೂತ, ದೋಸೆ ಮುಟ್ಟಲಿಲ್ಲ. ಮ್ಯಾಕ್‌ನನ್ನು ಷಿಕಾಗೋ ಬೇರ್ಸ್ ತಂಡಕ್ಕೆ ಕೊಟ್ಟುಬಿಟ್ಟಿದ್ದರು.

"ಎಷ್ಟಕ್ಕೆ?" ಎಂದೆ. ಹಣಕ್ಕಲ್ಲವಂತೆ. 2019 ಮತ್ತು 2020ರಲ್ಲಿ ಹೊಸ ಹುಡುಗರನ್ನು ಆರಿಸುವಾಗ ಷಿಕಾಗೋದವರಿಗೆ ಮೊದಲ ಸುತ್ತಿನಲ್ಲಿ ಬರುವ ಸರದಿ ಇನ್ನು ಓಕ್‌ಲೆಂಡಿನದು. ಬೇರೆ ಕೆಲವು ಸರದಿಗಳೂ ಎರಡು ಕಡೆಯಿಂದ ಕೈಬದಲಾಗಿದ್ದವು. ಅಂದರೆ ಕೈಯಲ್ಲಿದ್ದ ಒಬ್ಬನನ್ನು ಕೊಟ್ಟು, ಇನ್ನೂ ಹೆಸರೇ ತಿಳಿಯದ ಇಬ್ಬರನ್ನು ಪಡೆದಿದ್ದರು. ಷಿಕಾಗೋದವರು ಮ್ಯಾಕ್‌ಗೆ ಆರು ವರ್ಷಕ್ಕೆ 14 ಕೋಟಿ 10 ಲಕ್ಷ ಡಾಲರಿನ ಒಪ್ಪಂದ ಬರೆದುಕೊಟ್ಟರು. ಅಮ್ಮ ಸೌಟು ಹಿಡಿದೇ ಕೇಳಿದರು: "ಮನುಷ್ಯನ್ನ ಹಾಗೆ ಅವರಿಂದ ಇವರಿಗೆ ಕೊಡ್ತಾರೇನೋ? ಯಾರ ಮನೆ ಹುಡುಗನೋ, ಪಾಪ." ಮೊತ್ತವನ್ನು ರೂಪಾಯಿಗೆ ತಿರುಗಿಸಿ ಹೇಳಿದ ಮೇಲೆ 'ಪಾಪ'ವನ್ನು ಹಿಂದಕ್ಕೆ ತೆಗೆದುಕೊಂಡರು.

ಭಾವ ಲೆಕ್ಕದವರು. ಅವರ ಪ್ರಕಾರ ಓಕ್‌ಲೆಂಡಿನವರದೇ ಜಾಣತನ. ಆ ವರ್ಷ ಒಂದು ತಂಡ ಸಂಬಳಕ್ಕೆಂದು ಖರ್ಚು ಮಾಡಬಹುದಾದ ಮಿತಿ 17 ಕೋಟಿ 72 ಲಕ್ಷ ಡಾಲರು. ತಂಡದಲ್ಲಿ ಐವತ್ತಮೂರು ಜನ. ಒಬ್ಬನಿಗೇ ವರ್ಷಕ್ಕೆ ಎರಡು ಕೋಟಿ ಮೂವತ್ತೈದು ಲಕ್ಷ ಸುರಿದರೆ ಮಿಕ್ಕ ಐವತ್ತೆರಡು ಜನಕ್ಕೆ ಏನು ಕೊಡುವುದು? ಹೊಸ ಹುಡುಗರಾದರೆ ನಾಲ್ಕು ವರ್ಷ ಅಗ್ಗದಲ್ಲಿ ದುಡಿಯುತ್ತಾರೆ. "ಭಾವನೆ ಬೇರೆ, ವ್ಯವಹಾರ ಬೇರೆ" ಎಂದರು ಭಾವ. ಹುಡುಗ ನನ್ನ ಕಡೆ ತಿರುಗಿದ. "ನೀನಾಗಿದ್ದರೆ ಏನು ಮಾಡ್ತಿದ್ದೆ, ಮಾಮ?"

ನಾನು ಚಟ್ನಿ ಕೇಳಿದೆ.

ಆ ಪ್ರಶ್ನೆಗೆ ಉತ್ತರವನ್ನು ಎರಡು ವರ್ಷದ ಹಿಂದೆಯೇ ಕೊಟ್ಟಿದ್ದೆನೆಂದು ಆ ಹುಡುಗನಿಗೆ ಹೇಗೆ ಹೇಳಲಿ? ಆಗ ನಾನಿದ್ದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರೊಬ್ಬರಿದ್ದರು. ಬೋರ್ಡಿಗೆ ಬೆನ್ನು ತಿರುಗಿಸಿ ನಿಂತು, ಒಂದು ಚೀಟಿಯೂ ಇಲ್ಲದೆ, ಮುಕ್ಕಾಲು ಗಂಟೆ ಪಾಠ ಮಾಡುತ್ತಿದ್ದರು. ಕಾರಿಡಾರಿನಲ್ಲಿ ಬೇರೆ ತರಗತಿಯ ಹುಡುಗರು ಕಿಟಕಿಗೆ ಆತು ನಿಂತಿರುತ್ತಿದ್ದರು. ಬೇರೊಂದು ಸಂಸ್ಥೆಯವರು ಹೆಚ್ಚಿನ ಸಂಬಳಕ್ಕೆ ಕರೆದರು. ಅವರು ನೇರವಾಗಿ ಆಡಳಿತದವರಿಗೆ ಹೇಳಿದರು: "ಇಲ್ಲೇ ಇರಬೇಕೆಂಬುದೇ ನನ್ನ ಇಷ್ಟ. ಅಷ್ಟು ಬೇಡ, ಅದರ ಹತ್ತಿರಕ್ಕೆ ಬನ್ನಿ." ಸಭೆ ಸೇರಿತು. ಅಧ್ಯಾಪಕರ ಪರವಾಗಿ ಕೂರಿಸಿದ್ದದ್ದು ನನ್ನನ್ನು. ಕಾರ್ಯದರ್ಶಿಗಳು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು: ಇವರೊಬ್ಬರಿಗೆ ಕೊಡುವ ಹಣದಲ್ಲಿ ಇಬ್ಬರು ಹೊಸಬರು ಬರುತ್ತಾರೆ. ಲೆಕ್ಕದಲ್ಲಿ ತಪ್ಪಿರಲಿಲ್ಲ, ನಾನು ಎರಡು ಸಲ ಕೂಡಿ ನೋಡಿದೆ. ಒಬ್ಬರಿಗೆ ಇಷ್ಟು ಕೊಟ್ಟರೆ ಮಿಕ್ಕವರ ಬಡ್ತಿ ನಿಲ್ಲುತ್ತದೆಂದೂ ಅವರು ಮೆಲ್ಲಗೆ ಸೇರಿಸಿದರು. ಮಿಕ್ಕವರಲ್ಲಿ ನಾನೂ ಒಬ್ಬ. ಒಪ್ಪಿದವರು ಕೈ ಎತ್ತಿ ಎಂದಾಗ ನನ್ನ ಕೈಯೂ ಮೇಲೆ ಹೋಯಿತು.

ಅವರು ಹೋದರು. ಇಬ್ಬರು ಬಂದರು. ಒಬ್ಬ ಮೊದಲ ವರ್ಷ ಮುಗಿಯುವುದರೊಳಗೆ ಬ್ಯಾಂಕಿನ ಕೆಲಸ ಸಿಕ್ಕಿ ಹೊರಟ. ಇನ್ನೊಬ್ಬಳು ಒಳ್ಳೆಯ ಹುಡುಗಿ, ಚೆನ್ನಾಗಿಯೇ ಪಾಠ ಮಾಡುತ್ತಾಳೆಂದು ಕೇಳಿದ್ದೇನೆ. ಆದರೆ ಯಾರೂ ಹಾಳೆಯ ಮೇಲೆ ಬರೆಯದಿದ್ದ ಒಂದು ಬಾಬು ಇತ್ತು. ಎರಡನೆಯ ವರ್ಷ ವಿಜ್ಞಾನ ವಿಭಾಗಕ್ಕೆ ಸೇರುವವರು ಕಡಮೆಯಾದರು. ಸರಿ, ಅದು ನಿರೀಕ್ಷಿಸಿದ್ದೇ. ಖಾಲಿಯಾದದ್ದು ನನ್ನ ಕನ್ನಡ ತರಗತಿಯ ಬೆಂಚು! ನನ್ನ ಪಾಠಕ್ಕೆ ಮೆಚ್ಚಿ ಬರುತ್ತಾರೆಂದು ನಾನು ತಿಳಿದಿದ್ದ ಆ ಚುರುಕು ಹುಡುಗರು ಅವರಿಗಾಗಿ ಕಾಲೇಜಿಗೆ ಬಂದು, ಬಂದದ್ದಕ್ಕೆ ನನ್ನ ಪಾಠವನ್ನೂ ಕೇಳುತ್ತಿದ್ದವರು. ಖಾಲಿಯಾದವನು ಹೋಗಿ ಕೆಡವುತ್ತಾನೆ, ಪೇಪರಿನಲ್ಲಿ ಬರುವುದು ಅವನ ಹೆಸರು. ಹುಡುಗ ಹೇಳಿದ ಮಾತು ಆ ರಾತ್ರಿ, ಅಕ್ಕನ ಮನೆಯ ಮಹಡಿಯಲ್ಲಿ, ಪೂರ್ತಿ ಕಿವಿಗೆ ಕೇಳಿಸಿತು.

ಮುಂದಿನ ವಾರ ಟೆಲಿವಿಷನ್ನಿನ ಮುಂದೆ ಕೂತೆವು. ಷಿಕಾಗೋ ಪರವಾಗಿ ಮ್ಯಾಕ್‌ನ ಮೊದಲ ಆಟ. ಮೊದಲರ್ಧದೊಳಗೇ ಸೂತ್ರಧಾರನನ್ನು ಕೆಡವಿದ, ಚೆಂಡು ಕಸಿದ, ಗಾಳಿಯಲ್ಲಿದ್ದ ಇನ್ನೊಂದು ಚೆಂಡನ್ನು ಹಿಡಿದು ಓಡಿ ಅಂಕವನ್ನೂ ಗಳಿಸಿದ. ಇಷ್ಟಾಗಿ ಷಿಕಾಗೋ 23-24ರಲ್ಲಿ ಸೋತಿತು. "ನೋಡಿದೆಯಾ, ಒಬ್ಬನಿಂದ ಆಗೋದಿಲ್ಲ" ಎಂದರು ಭಾವ. ಆದರೂ ಆ ವರ್ಷದ ಕೊನೆಗೆ ಷಿಕಾಗೋ ಹನ್ನೆರಡು ಗೆದ್ದಿತ್ತು, ಓಕ್‌ಲೆಂಡ್ ನಾಲ್ಕೇ ನಾಲ್ಕು. ಓಕ್‌ಲೆಂಡಿನ ಇಡೀ ತಂಡ ವರ್ಷವೆಲ್ಲ ದುಡಿದು ಮಾಡಿದ ಸ್ಯಾಕುಗಳು 13. ಮ್ಯಾಕ್ ಒಬ್ಬನೇ ಮಾಡಿದ್ದು ಹನ್ನೆರಡೂವರೆ.

ಭಾವನಿಗೆ ಅನ್ಯಾಯ ಮಾಡಬಾರದು. ಷಿಕಾಗೋದವರು 2019ರ ಜನವರಿಯಲ್ಲಿ ಒಂದೇ ಅಂಕದಿಂದ ಸೋತು ಹೊರಬಿದ್ದರು. ಚೆಂಡು ಗೋಲಿನ ಕಂಬಕ್ಕೆ ಬಡಿದು, ಅಡ್ಡಪಟ್ಟಿಗೂ ಬಡಿದು, ಈಚೆಗೇ ಬಿತ್ತು. 2022ರಲ್ಲಿ ಅವರೂ ಅವನನ್ನು ಲಾಸ್ ಏಂಜಲೀಸಿನ ಚಾರ್ಜರ್ಸ್ ತಂಡಕ್ಕೆ, ಬಹಳ ಕಡಮೆ ಬೆಲೆಗೆ, ಕೊಟ್ಟರು. ಓಕ್‌ಲೆಂಡಿಗೆ ಸಿಕ್ಕ ಇಬ್ಬರು ಮೊದಲ ಸುತ್ತಿನ ಹುಡುಗರಲ್ಲಿ ಒಬ್ಬ, ಜಾಷ್ ಜೇಕಬ್ಸ್, ನಿಜಕ್ಕೂ ದೊಡ್ಡ ಓಟಗಾರನಾದ. 2022ರಲ್ಲಿ ಇಡೀ ಲೀಗಿಗೇ ಮೊದಲಿಗ. ಇನ್ನೊಬ್ಬ ಎರಡು ವರ್ಷವೂ ನಿಲ್ಲಲಿಲ್ಲ. ಅವರಲ್ಲಿಯೂ ಒಬ್ಬ ನಿಂತ, ಒಬ್ಬ ಹೋದ. ಹೀಗಿದ್ದರೂ ಕೊಡಬಾರದಿತ್ತೆಂದೇ ನನ್ನ ಅಭಿಪ್ರಾಯ. ಇದು ಫುಟ್ಬಾಲಿನ ಜ್ಞಾನದಿಂದ ಬಂದದ್ದಲ್ಲವೆಂದು ಒಪ್ಪುತ್ತೇನೆ.

ಅವರ ತಂಡ 2020ರಲ್ಲಿ ಊರನ್ನೇ ಬಿಟ್ಟು ಲಾಸ್ ವೇಗಾಸಿಗೆ ಹೋಯಿತು. ಹುಡುಗ ಅಂಗಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದನೆಂದು ಅಕ್ಕ ಹೇಳಿದಳು. ಅಂತೂ ಅದನ್ನು ಒಗೆಯಲು ಅವಳಿಗೆ ಸಿಕ್ಕಿತ್ತು.

2023ರ ಅಕ್ಟೋಬರ್ 2ರ ಬೆಳಿಗ್ಗೆ ಕಾಫಿ ಕುಡಿಯುವಾಗ ಫೋನಿಗೆ ಒಂದು ಚಿತ್ರ ಬಂತು. ಗಡ್ಡ ಮೂಡಿದ ಉದ್ದನೆಯ ಹುಡುಗನೊಬ್ಬ. ಹೊಕ್ಕುಳಿನಿಂದ ಮೇಲಕ್ಕೇ ನಿಂತುಬಿಟ್ಟ ಕರಿಯ ಅಂಗಿ. ಕೆಳಗೆ ಒಂದೇ ಸಾಲು: "ಮಾಮ, ನಮ್ಮವರ ಮೇಲೇ ಆರು." ಮೂವತ್ತೆರಡು ವರ್ಷದ ಮ್ಯಾಕ್ ಒಂದೇ ಆಟದಲ್ಲಿ ಆರು ಸ್ಯಾಕ್ ಮಾಡಿದ್ದ, ಅದೂ ರೈಡರ್ಸ್ ವಿರುದ್ಧ.

ಚಿತ್ರವನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಏಳು ವರ್ಷದಿಂದ ಒತ್ತದಿದ್ದ ಒಂದು ನಂಬರನ್ನು ಹುಡುಕಿ ಒತ್ತಿದೆ. ಎತ್ತಿದವರು ಅವರ ಶ್ರೀಮತಿಯವರು. ಮೇಷ್ಟ್ರು ಪಾಠಕ್ಕೆ ಹೋಗಿದ್ದಾರೆ, ಬರುವುದು ಸಂಜೆ ಎಂದರು. ನನ್ನ ಹೆಸರು ಹೇಳಿದೆ. ಸ್ವಲ್ಪ ತಡೆದು, "ಓ, ನೀವಾ? ಚೆನ್ನಾಗಿದ್ದೀರಾ? ಏನಾದರೂ ಹೇಳಬೇಕಿತ್ತೇ?" ಎಂದು ಕೇಳಿದರು.

"ಏನಿಲ್ಲಮ್ಮ, ಫುಟ್ಬಾಲಿನ ವಿಷಯ" ಎಂದೆ. "ಸಂಜೆ ನಾನೇ ಮಾಡುತ್ತೇನೆ."