ಆಗುಂಬೆ ಘಾಟಿ ಮತ್ತು ಮನೆಯ ಹಳೆಯ ಕಾರು

ಉಡುಪಿಯಿಂದ ತೀರ್ಥಹಳ್ಳಿಗೆ ಹೋಗುವಾಗ ಹೆಬ್ರಿ ದಾಟಿ ಸೋಮೇಶ್ವರ ತಲುಪುವವರೆಗೆ ಎಲ್ಲ ಕಾರುಗಳೂ ಒಳ್ಳೆಯ ಕಾರುಗಳೇ. ಅಲ್ಲಿಂದ ಆಗುಂಬೆ ಘಾಟಿ ಶುರು. ಒಂದರ ಮೇಲೊಂದು 14 ಕಡಿದಾದ ತಿರುವುಗಳು. ಹಳೆಯ ಕಾರನ್ನು ರಿಪೇರಿ ಮಾಡಿಸುವುದೋ, ಕೊಟ್ಟು ಬೇರೆ ಕೊಳ್ಳುವುದೋ ಎಂಬ ಚರ್ಚೆ ನಿಮ್ಮ ಮನೆಯಲ್ಲೂ ನಡೆಯುತ್ತಿದೆಯೇ? ಹಾಗಿದ್ದರೆ ನಮ್ಮ ಜೊತೆ ಈ ದಾರಿಯಲ್ಲಿ ಬನ್ನಿ.

ನಮ್ಮ ಕಾರಿಗೆ 15 ವರ್ಷ ತುಂಬಿದೆ. ಹೊಸತು ಬೇಕೆಂದು ಮಗನ ಹಟ, ಇನ್ನೂ ಓಡುತ್ತದಲ್ಲ ಎಂದು ಮನೆಯವರ ವಾದ. ತೀರ್ಥಹಳ್ಳಿಯ ನಾದಿನಿಯ ಮನೆಗೆ ಹೊರಡುವ ಮೊದಲು ಮೆಕ್ಯಾನಿಕ್ ಬಳಿ ಬ್ರೇಕು, ಟಯರು ಎಲ್ಲ ತೋರಿಸಿಯೇ ಹೊರಟೆವು.

ಏರು ಹತ್ತುವಾಗ ಕಾರು ತನ್ನ ಆರೋಗ್ಯವನ್ನು ತಾನೇ ಹೇಳುತ್ತದೆ. ಇಂಜಿನ್ ಅಬ್ಬರಿಸಿದರೂ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಸವೆದಿದೆ. ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿದ್ದರೆ ರೇಡಿಯೇಟರ್, ನೀರಿನ ಪೈಪುಗಳನ್ನು ನೋಡಿಸಬೇಕು. ಇವೆಲ್ಲ ಸವೆಯುವ, ಬದಲಾಯಿಸಬಹುದಾದ ಭಾಗಗಳು. ಟಯರು, ಬ್ಯಾಟರಿ, ಬ್ರೇಕ್ ಪ್ಯಾಡುಗಳೂ ಅಷ್ಟೇ. ಇವಕ್ಕೆ ಹಣ ಹಾಕುವುದು ದಂಡವಲ್ಲ. ಆದರೆ ಹಿಂದಿನಿಂದ ನೀಲಿ ಹೊಗೆ ಬರುತ್ತಿದ್ದರೆ, ಆಗಾಗ ಆಯಿಲ್ ತುಂಬಿಸಬೇಕಾಗುತ್ತಿದ್ದರೆ ಇಂಜಿನ್ನೇ ಸವೆದಿರಬಹುದು. ಆಗ ಲೆಕ್ಕ ಬೇರೆ.

ಮೇಲೆ ತಲುಪಿದರೆ ತಂಪು ಗಾಳಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಆಕಾಶ ತಿಳಿಯಾಗಿದ್ದರೆ ಸೂರ್ಯಾಸ್ತ ನೋಡುವ ಕಟ್ಟೆಯಿಂದ ದೂರದ ಅರಬ್ಬಿ ಸಮುದ್ರವೂ ಕಾಣುತ್ತದೆ. ಆ ಕಡಲಿಗೂ ನಮ್ಮ ಪ್ರಶ್ನೆಗೂ ಸಂಬಂಧವಿದೆ. ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ಕೆಸರು ಸೇರಿ ಕಾರಿನ ತಳವನ್ನು ಸದ್ದಿಲ್ಲದೆ ತಿನ್ನುತ್ತವೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ತಗಡು ಪುಡಿಯಾಗಿರುತ್ತದೆ. ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಕಾರನ್ನು ಮೇಲೆತ್ತಿಸಿ, ಚಕ್ರದ ಜೋಡಣೆಗಳು ಕೂಡುವ ಜಾಗವನ್ನು ತೋರಿಸಲು ಹೇಳಿ. ಅಲ್ಲಿ ತುಕ್ಕು ಆಳಕ್ಕಿಳಿದಿದ್ದರೆ ರಿಪೇರಿಯ ಆಸೆ ಬಿಡುವುದೇ ಒಳ್ಳೆಯದು. ನಮ್ಮದರ ತಳ ಗಟ್ಟಿಯಾಗಿತ್ತು.

ಇಳಿಯುವಾಗ ಇನ್ನೊಂದು ಪರೀಕ್ಷೆ. ಬ್ರೇಕನ್ನೇ ಒತ್ತುತ್ತಾ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಿರಿಯ ಚಾಲಕರ ಮಾತು ಸರಿಯಾದದ್ದೇ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಸಣ್ಣ ಖರ್ಚು. ಉಳಿಸುವುದು ಪ್ರಾಣವನ್ನು.

ಈಗ ಹಣದ ವಿಚಾರ. 15 ವರ್ಷದ ಬಳಿಕ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲಿನಿಂದ 5,000 ರೂಪಾಯಿ ಶುಲ್ಕವಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ರಿಪೇರಿಗೆ 40,000 ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಹೊಸ ಕಾರಿಗೆ ತಿಂಗಳಿಗೆ 10,000 ಕಂತೆಂದರೆ ಅದು ನಾಲ್ಕೇ ತಿಂಗಳ ಹಣ. ಬಡ್ಡಿಯ ಸಾಲದಿಂದ ದೂರವಿರುವ ಮನೆಗಳಿಗೆ ರಿಪೇರಿಯು ಹಣ ಕೂಡಿಡಲು ಸಿಗುವ ಕಾಲಾವಕಾಶವೂ ಹೌದು.

ಹಾಗೆಂದು ಉಳಿತಾಯವೇ ಎಲ್ಲವೂ ಅಲ್ಲ. ಹೊಸ ಕಾರುಗಳಿಗೆ 2019ರ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿಗೂ ಅದು ಕಡ್ಡಾಯವಾದದ್ದು ಆಮೇಲೆ. ಆ ಪಕ್ಕದ ಸೀಟಿನಲ್ಲಿ ಸಾಮಾನ್ಯವಾಗಿ ಕೂರುವವರು ನಾವು ಹೆಂಗಸರು, ಮಡಿಲಲ್ಲಿ ಮಗುವನ್ನಿಟ್ಟುಕೊಂಡು. ಹಳೆಯ ಕಾರಿಗೆ ಎಷ್ಟೇ ರಿಪೇರಿ ಮಾಡಿಸಿದರೂ ಈ ರಕ್ಷಣೆ ಬರುವುದಿಲ್ಲ. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿಕೊಳ್ಳಿ.

ಕೊನೆಗೆ ನಾವು ಕ್ಲಚ್ ಹಾಕಿಸಿದೆವು, ನೋಂದಣಿ ನವೀಕರಿಸಿದೆವು. ಪೇಟೆಗೆ, ಶಾಲೆಗೆ, ಆಸ್ಪತ್ರೆಗೆ ಅದೇ ಕಾರು. ಎರಡು ವರ್ಷ ಕಂತಿನಷ್ಟೇ ಹಣವನ್ನು ಬೇರೆಯಾಗಿ ತೆಗೆದಿಡುವುದು, ಅಲ್ಲಿಯವರೆಗೆ ಮಳೆಗಾಲದಲ್ಲಿ ಘಾಟಿಗೆ ಬಸ್ಸು ಎಂದು ತೀರ್ಮಾನವಾಯಿತು. ಮಗನಿಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಹಣ ಕೂಡಿಡುವ ಲೆಕ್ಕದ ಪುಸ್ತಕ ಅವನ ಕೈಯಲ್ಲೇ ಇದೆ.

ನೀವೂ ಮಳೆ ಹಿಡಿಯುವ ಮೊದಲೇ ಕಾರಿನ ತಳ ನೋಡಿಸಿ, ಆಮೇಲೆ ಮನೆಮಂದಿಯೆಲ್ಲ ಕೂತು ಮಾತಾಡಿ. ಗ್ಯಾರೇಜಿಗೆ ಹೋಗುವುದು ಗಂಡಸರ ಕೆಲಸವೆಂದು ಸುಮ್ಮನಿರಬೇಡಿ. ಆ ಕಾರಿನಲ್ಲಿ ಕೂರುವವರು ನೀವು ಮತ್ತು ನಿಮ್ಮ ಮಕ್ಕಳು.